ಬಂಡೆಯ ಮೇಲಿನ ಗಿಡುಗ

ಮಕ್ಕಳೇ, ಮೊದಲೇ ಹೇಳಿಬಿಡುತ್ತೇನೆ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಗಿಡುಗ ಕೂಡ ಕೆಟ್ಟದ್ದಲ್ಲ, ಅದಕ್ಕೆ ಹಸಿವು ಅಷ್ಟೆ. ಒಳ್ಳೆಯವರೆಲ್ಲ ಸೇರಿಕೊಂಡು ಮಾಡಿದ ಎಡವಟ್ಟು ಇದು. ಅದಕ್ಕೇ ಇದನ್ನು ಹೇಳುವಾಗ ನನಗೆ ಇಷ್ಟು ಸಿಟ್ಟು ಬರುತ್ತದೆ.

ಕುರುಚಲು ಕಾಡಿನ ಅಂಚಿನಲ್ಲಿ ಒಂದು ಕೊಳ. ಕೊಳದ ಪಕ್ಕದಲ್ಲಿ ಹುಲ್ಲುಗಾವಲು. ಅಲ್ಲಿ ಮೊಲಗಳು, ಇಲಿಗಳು, ಗೌಜುಗ ಹಕ್ಕಿಗಳು ಅಕ್ಕಪಕ್ಕದಲ್ಲೇ ಮನೆ ಮಾಡಿಕೊಂಡಿದ್ದವು. ಹುಲ್ಲು ಎತ್ತರವಾಗಿ ಬೆಳೆದಿರುವಾಗ ಯಾರಿಗೂ ಭಯವಿರಲಿಲ್ಲ. ಬಿಸಿಲು ಬಲಿತು ಹುಲ್ಲು ಒಣಗಿತೋ, ಮೇಲಿನಿಂದ ಗಿಡುಗ ಬರುತ್ತಿತ್ತು. ಹೆದರಿ ಓಡಿದ ಮರಿ ಅದರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನೆಲದ ಮೇಲೆ ನೆರಳು ಕಂಡ ಕೂಡಲೇ ಮೈಯನ್ನು ಮಣ್ಣಿಗೆ ಅಂಟಿಸಿ, ಕಣ್ಣು ಮುಚ್ಚಿ, ಕಲ್ಲಿನಂತೆ ಬಿದ್ದುಕೊಂಡ ಮರಿ ಮಾತ್ರ ಉಳಿಯುತ್ತದೆ.

ಈ ಒಂದು ಪಾಠ ಕಲಿಸಲೆಂದೇ ಅಲ್ಲೊಂದು ಶಾಲೆ ಇತ್ತು. ಟಿಟ್ಟಿಭ ಹಕ್ಕಿ ಅಲ್ಲಿಯ ಮೇಷ್ಟ್ರು. ವಯಸ್ಸಾಗಿತ್ತು, ಗಂಟಲು ಕರ್ಕಶ. ಅವರು ದಿನಾ ಮರಿಗಳನ್ನು ಬಿಸಿಲಿಗೆ ಎಳೆದುಕೊಂಡು ಹೋಗಿ, ಮಾತಿನ ಮಧ್ಯೆ ಇದ್ದಕ್ಕಿದ್ದಂತೆ "ಬಿತ್ತು ನೆರಳು!" ಎಂದು ಕಿರುಚುತ್ತಿದ್ದರು. ಮರಿಗಳು ತೊಪ್ಪನೆ ಬೀಳಬೇಕು. ಹೊಟ್ಟೆಗೆ ಮುಳ್ಳು ಚುಚ್ಚುತ್ತಿತ್ತು, ಇರುವೆ ಕಚ್ಚುತ್ತಿತ್ತು. ಎಬ್ಬಿಸಿ ಮತ್ತೆ ಕಿರುಚುವುದು, ಮತ್ತೆ ಬೀಳಿಸುವುದು. ನಿಜ ಹೇಳಬೇಕೆಂದರೆ ಪಾಠ ಬಹಳ ಬೇಸರದ್ದಾಗಿತ್ತು. ಕೆಲವು ಮರಿಗಳು ಬಿದ್ದಲ್ಲೇ ನಿದ್ದೆ ಹೋಗುತ್ತಿದ್ದವು.

ಆ ವರ್ಷ ಮೇಷ್ಟ್ರ ಕೆಲಸ ಕಲಿಯಲು ವಾರಿಜ ಎಂಬ ಅಳಿಲು ಬಂದಳು. ಹುಲ್ಲು ಒಣಗುವಷ್ಟರಲ್ಲಿ ಮರಿಗಳನ್ನು ತಯಾರು ಮಾಡಿದರೆ ಮುಂದೆ ಶಾಲೆ ಅವಳದೇ. ಚುರುಕು ಹುಡುಗಿ. ಮಕ್ಕಳೆಂದರೆ ಪ್ರಾಣ. ಆಕಳಿಸುವ ಮರಿಗಳನ್ನು ನೋಡಿದರೆ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

"ಸರ್, ಮಕ್ಕಳಿಗೆ ಆಸಕ್ತಿಯೇ ಇಲ್ಲ. ಆಸಕ್ತಿ ಇಲ್ಲದೆ ಪಾಠ ತಲೆಗೆ ಹೋಗೋದು ಹೇಗೆ?" ಎಂದಳು.

"ತಲೆಗೆ ಹೋಗೋದು ಬೇಡಮ್ಮ, ಮೈಗೆ ಹೋದ್ರೆ ಸಾಕು" ಎಂದರು ಮೇಷ್ಟ್ರು.

ವಾರಿಜ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೆಯ ಕಾಲದವರು, ಏನೋ ಅಂತಾರೆ ಎಂದುಕೊಂಡಳು. ಹಾಗೆ ಅಂದುಕೊಳ್ಳುವಂತೆ ಸಿಡುಕುತ್ತಾ ಹೇಳಿದ್ದೂ ಮೇಷ್ಟ್ರ ತಪ್ಪೇ ಅನ್ನಿ.

ಅಷ್ಟರಲ್ಲಿ ದುಗ್ಗಣ್ಣ ಎಂಬ ಕಾಗೆ ಊರ ಕಡೆಯಿಂದ ಅಂಗೈಯಗಲದ ಒಂದು ಕನ್ನಡಿ ಚೂರು ತಂದ. "ಟೀಚರ್, ಇದನ್ನ ಬಿಸಿಲಿಗೆ ಹಿಡಿದು ನೋಡಿ. ಬೆಳಕು ಹೇಳಿದ ಕಡೆ ಹೋಗುತ್ತೆ!" ಎಂದ.

ವಾರಿಜಳ ತಲೆಯಲ್ಲಿ ಉಪಾಯ ಹೊಳೆಯಿತು. ಕೊಳದ ಬಳಿ ಒಂದು ಬಂಡೆಗುಹೆ ಇತ್ತು. ಅದರ ಬಾಯಲ್ಲಿ ಎರಡು ಕಲ್ಲಿನ ಮಧ್ಯೆ ಕನ್ನಡಿ ನಿಲ್ಲಿಸಿದಳು. ಬಿಸಿಲು ಕನ್ನಡಿಗೆ ತಗುಲಿ ಒಳಗಿನ ಬಂಡೆಯ ಮೇಲೆ ದೊಡ್ಡ ಬೆಳಕಿನ ಪರದೆ ಮೂಡಿತು. ಸಾಗುವಾನಿ ಎಲೆಯನ್ನು ಹಲ್ಲಿನಿಂದ ಕತ್ತರಿಸಿ ಗಿಡುಗದ ಆಕಾರ ಮಾಡಿ, ಕಡ್ಡಿಗೆ ಸಿಕ್ಕಿಸಿ, ಬೆಳಕಿಗೆ ಅಡ್ಡ ಹಿಡಿದಳು. ಬಂಡೆಯ ಮೇಲೆ ಗಿಡುಗ ರೆಕ್ಕೆ ಬಡಿಯುತ್ತಾ ಹಾರಿತು!

ಮರಿಗಳು ಹೋ ಎಂದವು. ಯಾರೂ ಆಕಳಿಸಲಿಲ್ಲ. ಗುಂಡ ಎಂಬ ಮೊಲದ ಮರಿಯಂತೂ ಕುಣಿದು ಪಕ್ಕದ ಇಲಿಯ ಬಾಲ ತುಳಿದ. ಪಾರಿ ಎಂಬ ಗೌಜುಗದ ಮರಿ, ಯಾವಾಗಲೂ ಕೊನೆಯಲ್ಲಿ ಕೂತು ತೂಕಡಿಸುವವಳು, ಮುಂದಿನ ಸಾಲಿಗೆ ಓಡಿಬಂದು "ಇನ್ನೊಂದ್ಸಲ ಟೀಚರ್, ಇನ್ನೊಂದೇ ಒಂದ್ಸಲ!" ಎಂದು ಗೋಗರೆದಳು.

ವಾರಿಜಳಿಗೆ ಕಣ್ಣು ತುಂಬಿಬಂತು. ಪಾರಿ ಬಾಯಿ ಬಿಟ್ಟದ್ದೇ ಅವತ್ತು ಮೊದಲು.

ಅಲ್ಲಿಂದ ದಿನಾ ಗುಹೆಯಲ್ಲೇ ಪಾಠ. ದುಗ್ಗಣ್ಣ ಹಿಂದಿನಿಂದ ಗಿಡುಗದ ಕೂಗು ಹಾಕುವುದು, ವಾರಿಜ ಕಡ್ಡಿ ಆಡಿಸುವುದು. ಗಿಡುಗದ ಕೊಕ್ಕು ಹೇಗಿರುತ್ತದೆ, ಉಗುರು ಹೇಗಿರುತ್ತದೆ, ಎಷ್ಟು ಎತ್ತರದಲ್ಲಿ ಸುತ್ತುತ್ತದೆ, ಎಲ್ಲ ಪ್ರಶ್ನೆಗೂ ಮರಿಗಳು ನಾ ಮುಂದು ತಾ ಮುಂದು ಎಂದು ಉತ್ತರ ಕೊಟ್ಟವು. ಮನೆಯಲ್ಲೂ ಅದೇ ಮಾತು. ತಾಯಂದಿರು ತಾವೂ ನೋಡಲು ಬಂದರು. ಬಂದವರು ಮುಂದಿನ ಸಾಲಿನಲ್ಲೇ ಕೂತು ಮಕ್ಕಳಿಗೆ ಅಡ್ಡವಾದರು.

"ಎಂಥಾ ಟೀಚರ್ ಸಿಕ್ಕಿದ್ರು ನಮ್ಮ ಮಕ್ಕಳಿಗೆ!" ಎಂದಳು ಪಾರಿಯ ತಾಯಿ ಸಾವಿತ್ರಮ್ಮ. "ನಮ್ಮ ಪಾರಿ ಈಗ ಶಾಲೆಗೆ ಹೋಗ್ತೀನಿ ಅಂತ ಹಠ ಮಾಡ್ತಾಳೆ ನೋಡಿ."

ಮರಿಗಳಿಗೆ ಬೀಳುವುದು ಬಂತೇ ಎಂದು ಒಬ್ಬರಾದರೂ ಕೇಳಬೇಕಲ್ಲ? ಊಹೂಂ. ಮಕ್ಕಳು ನಗುನಗುತ್ತಾ ಶಾಲೆಗೆ ಹೋಗುತ್ತಿದ್ದರೆ ಸಾಕು, ಉಳಿದದ್ದೆಲ್ಲ ಆದಂತೆಯೇ! ನನಗಂತೂ ಇಂಥವರಿಗೆ ಹೇಳಿ ಹೇಳಿ ಸಾಕಾಗಿದೆ.

ವಾರಿಜ ಪೂರ್ತಿ ಮರೆತಿದ್ದಳು ಎಂದಲ್ಲ. ಒಂದು ದಿನ ಬಂಡೆಯ ಮೇಲೆ ಗಿಡುಗವನ್ನು ಹಾರಿಸುತ್ತಾ, "ಈಗ ಎಲ್ಲರೂ ಕಣ್ಣು ಮುಚ್ಚಿ ಬಿದ್ದುಕೊಳ್ಳಿ" ಎಂದಳು.

ಒಬ್ಬರೂ ಬೀಳಲಿಲ್ಲ.

"ಬಿದ್ರೆ ಗಿಡುಗ ಕಾಣಲ್ಲ ಟೀಚರ್!" ಎಂದ ಗುಂಡ.

"ಕಣ್ಣು ಮುಚ್ಚಿದ್ರೆ ನೋಡೋದು ಹೇಗೆ?" ಎಂದಳು ಪಾರಿ, ಅಳುವ ದನಿಯಲ್ಲಿ.

ವಾರಿಜ ಒಂದು ಕ್ಷಣ ಯೋಚಿಸಿದಳು. ಗದರಿಸಿ ಬೀಳಿಸಿದರೆ ಅರಳಿದ ಮುಖಗಳೆಲ್ಲ ಬಾಡುತ್ತವೆ. ಪಾರಿ ಮತ್ತೆ ಹಿಂದಿನ ಸಾಲಿಗೆ ಹೋಗಿ ಕೂರುತ್ತಾಳೆ. "ಸರಿ, ಇವತ್ತು ಬೇಡ. ನಾಳೆ ಮಾಡೋಣ" ಎಂದಳು. ಮರಿಗಳು ಚಪ್ಪಾಳೆ ತಟ್ಟಿದವು. ಅಯ್ಯೋ, ಆ ಚಪ್ಪಾಳೆ! ಅದನ್ನು ಕೇಳಿದ ಮೇಲೆ ನಾಳೆ ಎನ್ನುವುದು ಬರಲೇ ಇಲ್ಲ.

ಮತ್ತೊಂದು ದಿನ ಟಿಟ್ಟಿಭ ಮೇಷ್ಟ್ರು ಗುಹೆಗೆ ಇಣುಕಿದವರೇ ಕೇಳಿದರು, "ಮರಿಗಳು ಬೀಳ್ತಾವಾ?"

"ಅದು ಕೊನೆಗೆ ಇಟ್ಟುಕೊಂಡಿದ್ದೀನಿ ಸರ್. ಮೊದಲು ಮಕ್ಕಳು ಪಾಠದಲ್ಲಿ ಮುಳುಗಬೇಕು. ನೋಡಿ ಎಷ್ಟು ಖುಷಿಯಾಗಿದ್ದಾರೆ!"

"ಖುಷಿ ಕಾಣ್ತಿದೆ. ನಾನು ಕೇಳಿದ್ದು ಅದಲ್ಲ."

"ಸರ್, ನಿಮ್ಮ ಪಾಠದಲ್ಲಿ ಮಕ್ಕಳು ನಿದ್ದೆ ಮಾಡ್ತಿದ್ರು" ಎಂದುಬಿಟ್ಟಳು ವಾರಿಜ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮೇಷ್ಟ್ರ ಮುಖ ಸಣ್ಣದಾಯಿತು. "ಆಯ್ತಮ್ಮ, ನಿನ್ನಿಷ್ಟ" ಎಂದು ಕೊಳದ ದಡಕ್ಕೆ ಹೋಗಿ ಕೂತರು. ನೋಡಿ, ಹೀಗೆ! ಗೊತ್ತಿದ್ದವರು ಮುನಿಸಿಕೊಂಡು ಆಚೆ ಕೂತರೆ, ಗೊತ್ತಿಲ್ಲದವರು ಏನು ಮಾಡಬೇಕು?

ಬಿಸಿಲು ಬಲಿಯಿತು. ಹುಲ್ಲು ಹಳದಿಯಾಗಿ, ಮುರಿದು, ನೆಲ ಬೋಳಾಯಿತು.

ಒಂದು ಬೆಳಿಗ್ಗೆ ಪಾಠ ಮುಗಿಸಿ ಮರಿಗಳು ಗುಹೆಯಿಂದ ಬಯಲಿಗೆ ಬಂದವು. ಇನ್ನೂ ಅದೇ ಗುಂಗು. ಆಗ ನೆಲದ ಮೇಲೆ ಒಂದು ನೆರಳು ಜಾರಿ ಬಂತು. ಅಗಲವಾದ ರೆಕ್ಕೆ, ಬಾಗಿದ ಕೊಕ್ಕು.

"ಬಂತು, ಬಂತು!" ಎಂದು ಗುಂಡ ಕೂಗಿದ.

ಮರಿಗಳೆಲ್ಲ ಸಾಲಾಗಿ ಕೂತುಬಿಟ್ಟವು, ಗುಹೆಯಲ್ಲಿ ಕೂರುವ ಹಾಗೇ. "ಏಯ್, ತಲೆ ತಗ್ಗಿಸೋ, ನನಗೆ ಕಾಣಲ್ಲ" ಎಂದು ಹಿಂದಿನ ಇಲಿ ಮುಂದಿನ ಇಲಿಯನ್ನು ತಿವಿಯಿತು. ಪಾರಿ ಎಲ್ಲರಿಗಿಂತ ಮುಂದೆ ಹೋಗಿ, ಕತ್ತು ಎತ್ತಿ, ಕಣ್ಣರಳಿಸಿ ನಿಂತಳು.

ಕನ್ನಡಿ ಎತ್ತಿಡುತ್ತಿದ್ದ ವಾರಿಜ ತಿರುಗಿ ನೋಡಿದಳು. "ಬಿದ್ದುಕೊಳ್ಳಿ! ಎಲ್ಲರೂ ಬಿದ್ದುಕೊಳ್ಳಿ!" ಎಂದು ಗಂಟಲು ಹರಿಯುವಂತೆ ಕೂಗಿದಳು.

"ಬಿದ್ರೆ ಕಾಣಲ್ಲ ಟೀಚರ್!" ಎಂದು ಮರಿಗಳು ಒಟ್ಟಿಗೆ ಉತ್ತರ ಕೊಟ್ಟವು.

ಗಿಡುಗ ಎರಗಿತು. ಪಾರಿಯ ಬೆನ್ನಿಗೆ ಉಗುರು ಹಾಕಿ ಎತ್ತಿಯೇಬಿಟ್ಟಿತು.

ಕೊಳದ ದಡದಿಂದ ಟಿಟ್ಟಿಭ ಮೇಷ್ಟ್ರು ಕಿರುಚುತ್ತಾ ಹಾರಿದರು. ಮುನಿಸು ಗಿನಿಸು ಏನೂ ನೆನಪಿಗೆ ಬರಲಿಲ್ಲ. ನೇರವಾಗಿ ಹೋಗಿ ಗಿಡುಗದ ಮುಖಕ್ಕೇ ಅಪ್ಪಳಿಸಿದರು. ಗಿಡುಗ ತಬ್ಬಿಬ್ಬಾಗಿ ಉಗುರು ಸಡಿಲಿಸಿತು. ಪಾರಿ ಒಣಹುಲ್ಲಿನ ಮೇಲೆ ಬಿದ್ದಳು. ಗಿಡುಗ ಮೇಷ್ಟ್ರ ರೆಕ್ಕೆಯನ್ನು ಕುಕ್ಕಿ ಮುರಿದು, ಒಂದು ಹಿಡಿ ಗರಿ ಕಿತ್ತುಕೊಂಡು ಹೊರಟುಹೋಯಿತು.

ಮರಿಗಳು ಚಪ್ಪಾಳೆ ತಟ್ಟಿದವು. ಅವಕ್ಕೇನು ಗೊತ್ತು, ಪಾಪ.

ಸುದ್ದಿ ಕೇಳಿ ಸಾವಿತ್ರಮ್ಮ ಓಡಿಬಂದು ಮಗಳನ್ನು ರೆಕ್ಕೆಯೊಳಗೆ ಎಳೆದುಕೊಂಡಳು. ಬೆನ್ನಿನ ಗಾಯವನ್ನು ಕೊಕ್ಕಿನಿಂದ ಮೆಲ್ಲಗೆ ಸವರಿದಳು. "ಏನಾಯ್ತೇ ನನ್ನ ಕಂದ? ಗಿಡುಗ ಬಂದಾಗ ಏನು ಮಾಡಬೇಕು ಅಂತ ಕಲಿತಿರಲಿಲ್ವೇನೇ?"

"ಕಲಿತಿದ್ದೆ ಅವ್ವ, ನೋಡಬೇಕು ಅಂತ" ಎಂದಳು ಪಾರಿ. ಆಮೇಲೆ ಮೆಲ್ಲಗೆ ಹೇಳಿದಳು, "ಇವತ್ತಿನ ಗಿಡುಗ ಎಲ್ಲಕ್ಕಿಂತ ಚೆನ್ನಾಗಿತ್ತು. ಆದರೆ ಬೆನ್ನು ಯಾಕವ್ವ ಇಷ್ಟು ಉರೀತಿದೆ?"

ಸಾವಿತ್ರಮ್ಮ ವಾರಿಜಳ ಕಡೆ ನೋಡಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾರಿಜ ಅಳುತ್ತಾ ಮೇಷ್ಟ್ರ ಬಳಿ ಹೋದಳು. "ಸರ್, ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ. ಕನ್ನಡೀನ ಕೊಳಕ್ಕೆ ಎಸೆದು ಹೊರಟುಹೋಗ್ತೀನಿ."

ಮೇಷ್ಟ್ರಿಗೆ ನೋವಿನ ಮಧ್ಯೆಯೂ ರೇಗಿತು. "ಕನ್ನಡಿ ಏನು ಮಾಡಿತ್ತು ನಿನಗೆ? ಅದು ತೋರಿಸು ಅಂದದ್ದನ್ನ ತೋರಿಸ್ತು. ಪಾಠ ಏನು ಅಂತ ಮರೆತದ್ದು ನೀನು. ಎಲ್ಲಿಗೆ ಹೋಗ್ತೀಯಾ? ನನ್ನ ರೆಕ್ಕೆ ನೋಡು. ನಾಳೆ ಗಿಡುಗ ಮತ್ತೆ ಬರುತ್ತೆ. ಮರಿಗಳಿಗೆ ಯಾರಿದ್ದಾರೆ? ಅಳೋದಕ್ಕೆಲ್ಲ ಪುರುಸೊತ್ತಿಲ್ಲಮ್ಮ."

ಮುರಿದ ರೆಕ್ಕೆಯನ್ನು ಮೈಗೆ ಒತ್ತಿಕೊಂಡು, "ನನ್ನ ಪಾಠದಲ್ಲಿ ಮರಿಗಳು ನಿದ್ದೆ ಮಾಡ್ತಿದ್ದದ್ದೂ ನಿಜ" ಎಂದರು. "ಅವುಗಳನ್ನ ಎಬ್ಬಿಸೋದು ನಿನಗೆ ಬರುತ್ತೆ, ನನಗೆ ಬರಲಿಲ್ಲ. ಎಬ್ಬಿಸಿದ ಮೇಲೆ ಕಲಿಸಬೇಕು, ಅಷ್ಟೆ."

ಮರುದಿನ ವಾರಿಜ ಮರಿಗಳನ್ನು ಬಯಲಿನ ಮರದ ಪಕ್ಕದ ಬಿಸಿಲಿಗೆ ಕರೆದಳು.

"ಇವತ್ತು ಬಂಡೆ ಮೇಲೆ ಗಿಡುಗ ಇಲ್ವಾ ಟೀಚರ್?" ಎಂದ ಗುಂಡ.

"ಇಲ್ಲ."

"ಮತ್ತೆ ಏನು ನೋಡೋದು?"

"ನೋಡೋದು ಏನೂ ಇಲ್ಲ. ಮಾಡೋದಿದೆ" ಎಂದಳು ವಾರಿಜ. ಎಲೆಯ ಗಿಡುಗ ಹಿಡಿದು ಮರ ಹತ್ತಿದಳು. ಕೊಂಬೆಯ ತುದಿಗೆ ಹೋಗಿ, ಏನೂ ಹೇಳದೆ, ಅದನ್ನು ಬಿಸಿಲಿಗೆ ಚಾಚಿದಳು. ನೆರಳು ಬಂದು ಮರಿಗಳ ಮೈಮೇಲೆಯೇ ಬಿತ್ತು.

ಗುಂಡ ಬಾಯಿ ಬಿಟ್ಟುಕೊಂಡು ಮೇಲೆ ನೋಡಿದ. ಇಲಿಗಳು ಮುಖ ಮುಖ ನೋಡಿಕೊಂಡವು. ಪಾರಿ ಮಾತ್ರ ತೊಪ್ಪನೆ ಬಿದ್ದಳು. ಮೈ ಮಣ್ಣಿಗೆ ಅಂಟಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ವಾರಿಜ ಎಲೆಯನ್ನು ಹಿಂದಕ್ಕೆ ಎಳೆದುಕೊಂಡರೂ ಅವಳು ಏಳಲಿಲ್ಲ. ಗಡಗಡ ನಡುಗುತ್ತಿದ್ದಳು. ವಾರಿಜ ಸರಸರನೆ ಇಳಿದು ಬಂದು, ಅವಳ ಪಕ್ಕದಲ್ಲೇ ಮಣ್ಣಿನಲ್ಲಿ ಹೊಟ್ಟೆಯೂರಿ ಮಲಗಿ, ನಡುಕ ನಿಲ್ಲುವವರೆಗೆ ಬಾಲದಿಂದ ಅವಳನ್ನು ಮುಚ್ಚಿಕೊಂಡಿದ್ದಳು.

"ಟೀಚರ್, ಪಾರಿ ಎಷ್ಟು ಚೆನ್ನಾಗಿ ಕಲಿತಿದ್ದಾಳೆ!" ಎಂದ ಗುಂಡ.

"ಹೌದು ಕಣಪ್ಪ" ಎಂದಳು ವಾರಿಜ. "ಅವಳಿಗೆ ಕಲಿಸಿದ್ದು ನಾನಲ್ಲ. ನಿನಗಾದರೂ ನಾನೇ ಕಲಿಸ್ತೀನಿ. ಬಾ, ಬೀಳು."

ನೀತಿ: ಮಕ್ಕಳು ಕಣ್ಣರಳಿಸಿ ನೋಡಿದ ಮಾತ್ರಕ್ಕೆ ಪಾಠ ಕಲಿತರೆಂದಲ್ಲ, ಕಲಿತರೋ ಇಲ್ಲವೋ ಎಂದು ಗುರು ಪರೀಕ್ಷಿಸದೆ ಬಿಟ್ಟರೆ, ಅಪಾಯವೇ ಬಂದು ಪರೀಕ್ಷಿಸುತ್ತದೆ.