ಪೀಪಾಯಿ ಕುಡಿದವರು ಯಾರು?

"ಕೇಳ್ರಪ್ಪೋ ಕೇಳಿ! ಹೊಳೆಬಾಗಿಲಿನ ದೊರೆ ಗಜರಾಯರ ಅಪ್ಪಣೆ! ದೊಡ್ಡ ದೊರೆಗಳ ಕಾಲದಲ್ಲಿ ಸ್ಕಾಟ್ಲೆಂಡಿನ ಹಡಗು ತಂದ ಮೂರು ಪೀಪಾಯಿ ಸ್ಕಾಚ್ ವಿಸ್ಕಿ ಅರಮನೆಯ ನೆಲಮಾಳಿಗೆಯಲ್ಲಿದೆ. ಅದಕ್ಕೀಗ ಐವತ್ತು ವರ್ಷ. ಒಂದೊಂದು ಪೀಪಾಯಿಗೂ ಒಂದೊಂದು ಒಗಟು. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ಒಂದು ತಪ್ಪಿದರೂ ತಲೆ ಹೋಗುವುದು!"

ಡಂಗುರದವನ ಬಾಯಿಂದ ತಲೆ ಹೋಗುವ ಮಾತು ಕಿವಿಗೆ ಬಿದ್ದದ್ದೇ ಪೇಟೆಬೀದಿಯ ಜನ ಚದುರಿದರು. ಚದುರದೆ ನಿಂತವನು ಈರಾಚಾರಿ. ಅರಮನೆಗೆ ಪೀಪಾಯಿ ಕಟ್ಟುವ, ಸೋರಿದ್ದನ್ನು ಸರಿಮಾಡುವ ಬಡಗಿಗಳ ಮನೆ ಅವನದು. ಆ ಮನೆಗೊಂದು ಕಟ್ಟಳೆಯಿತ್ತು. ಮೊದಲ ಸಲ ಮರ ಕೆತ್ತುವ ಬಾಚಿ ಹಿಡಿಯುವ ದಿನ, ಪೀಪಾಯಿಯೊಳಗಿನದನ್ನು ತುಟಿಗೆ ಸೋಕಿಸುವುದಿಲ್ಲವೆಂದು ಅದೇ ಬಾಚಿ ಮುಟ್ಟಿ ಆಣೆ ಮಾಡಬೇಕು. ಅವನ ಅಪ್ಪ ಮೌನಾಚಾರಿ ಒಂದು ದಿನವೂ ಆ ಆಣೆ ಮುರಿದವನಲ್ಲ. ಆದರೂ ಹನ್ನೆರಡು ವರ್ಷದ ಕೆಳಗೆ ಮೊದಲ ಪೀಪಾಯಿ ಅರ್ಧ ಖಾಲಿಯಾಗಿದ್ದು ಕಂಡಾಗ, ಕುಡಿದವನು ಇವನೇ ಎಂದು ದೊರೆ ಅವನನ್ನು ಸೆರೆಮನೆಗೆ ತಳ್ಳಿಸಿದ್ದ. ಬಡವನ ಮೇಲೆ ಕಳವು ಹೊರಿಸಲು ಸಾಕ್ಷಿ ಬೇರೆ ಬೇಕೇ? ಹತ್ತಿರದಲ್ಲಿ ನಿಂತಿದ್ದ, ಅಷ್ಟೇ ಸಾಕಾಯಿತು.

"ಕೇಳಿದ್ದು ಕೊಡ್ತಾರಂತೆ ಕಣವ್ವಾ. ಅಪ್ಪನ್ನ ಬಿಡಿ ಅಂತ ಕೇಳ್ತೀನಿ," ಎಂದು ಈರಾಚಾರಿ ಮನೆಗೆ ಬಂದು ತಾಯಿಗೆ ಹೇಳಿದ.

"ತಪ್ಪಿದ್ರೆ ನಿನ್ನೂ ಕಳ್ಕೋತೀನಲ್ಲೋ," ಎಂದು ತಾಯಿ ಅತ್ತಳು. ಆದರೆ ಹೋಗಬೇಡ ಎನ್ನಲಿಲ್ಲ.

ನೆಲಮಾಳಿಗೆಯಲ್ಲಿ ಸಭೆ ಸೇರಿತ್ತು. ಅವನಿಗಿಂತ ಮುಂಚೆ ಇಬ್ಬರು ಬಂದಿದ್ದರು. ಒಬ್ಬ ರಸಾಲ ಪಂಡಿತ, ಊಟವನ್ನೂ ಶ್ಲೋಕದಲ್ಲೇ ಹೊಗಳುವವನು. ಇನ್ನೊಬ್ಬ ದಳವಾಯಿಯ ಅಳಿಯ ಮಲ್ಲರಾಯ, ಮಾವನ ಹೆಸರಿನಲ್ಲೇ ಮೀಸೆ ತಿರುವುವವನು. ಪಂಡಿತ ಮೊದಲ ಬಟ್ಟಲು ಹೀರಿ ಕಣ್ಣು ಮುಚ್ಚಿದ. "ಆಹಾ! ಒಣದ್ರಾಕ್ಷಿ! ಲವಂಗ! ಜಾಯಿಕಾಯಿ! ಹಿಂದೆಯೇ ಕುದುರೆಯ ಹಳೇ ಜೀನಿನ ಪರಿಮಳ!"

"ಪರಿಮಳ ಇರಲಿ, ಒಗಟು ಕೇಳು," ಎಂದ ದೊರೆ. "ಈ ಪೀಪಾಯಿಯ ಮೊಹರು ಮುರಿದಿರಲಿಲ್ಲ, ತಳ ಸೋರಿರಲಿಲ್ಲ, ಕಾವಲು ತಪ್ಪಿರಲಿಲ್ಲ. ಆದರೂ ಅರ್ಧ ಖಾಲಿ. ಕುಡಿದವರು ಯಾರು?"

"ಯಕ್ಷರು, ಮಹಾಪ್ರಭು!"

ಭಟರು ಪಂಡಿತನನ್ನು ಎಳೆದುಕೊಂಡು ಹೋದರು. ಮಲ್ಲರಾಯ ನಗುತ್ತ ಎದ್ದು ನಿಂತ. "ಇದೊಂದು ಒಗಟೇ? ಕುಡಿದ ಕಳ್ಳ ಸೆರೆಮನೆಯಲ್ಲೇ ಇದ್ದಾನಲ್ಲ. ಬಡಗಿ ಮೌನಾಚಾರಿ!"

"ತಪ್ಪು," ಎಂದ ದೊರೆ.

ಈರಾಚಾರಿ ತಲೆ ಎತ್ತಿ ದೊರೆಯನ್ನೇ ನೋಡಿದ. ತಪ್ಪು ಎಂದು ದೊರೆಯ ಬಾಯಲ್ಲೇ ಬಂದಿತ್ತು. ಹಾಗಾದರೆ ಅಪ್ಪ ಯಾಕೆ ಇನ್ನೂ ಒಳಗಿದ್ದಾನೆ? ಅಷ್ಟರಲ್ಲಿ ಮಲ್ಲರಾಯನ ಕೂಗಾಟವೂ ಮೆಟ್ಟಿಲಿನಾಚೆ ನಿಂತುಹೋಯಿತು.

ಈರಾಚಾರಿ ಬಟ್ಟಲು ಮುಟ್ಟಲಿಲ್ಲ. ಪೀಪಾಯಿಯ ಹೊಟ್ಟೆಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. "ಗಾಳಿ ಕುಡೀತು ಬುದ್ಧಿ. ಮರ ಉಸಿರಾಡ್ತದೆ. ಒಳಗಿರೋದು ವರ್ಷಕ್ಕಿಷ್ಟು ಅಂತ ಆವಿಯಾಗಿ ಹಲಗೆಯೊಳಗಿಂದ ಹೋಗ್ತಾನೇ ಇರ್ತದೆ. ಮೇಲೆ ಸೂರು ನೋಡಿ, ಕಪ್ಪಗೆ ಬೂಷ್ಟು ಹಿಡಿದದೆ. ಅದು ಆ ಆವಿ ಕುಡಿದೇ ಬೆಳೆದದ್ದು."

ಎಲ್ಲರೂ ತಲೆ ಎತ್ತಿ ನೋಡಿದರು. ಇಷ್ಟು ವರ್ಷ ಆ ಕಪ್ಪನ್ನು ದೀಪದ ಮಸಿ ಎಂದುಕೊಂಡಿದ್ದರು.

ದೊರೆ ಎರಡನೆಯ ಪೀಪಾಯಿ ತೋರಿಸಿದ. "ಒಳಗೆ ಹೊಯ್ದಾಗ ಇದು ನೀರಿನ ಹಾಗಿತ್ತು. ಯಾರೂ ಏನೂ ಬೆರೆಸಿಲ್ಲ. ಈಗ ಹಳೇ ಹುಣಸೆಯ ಬಣ್ಣ, ಒಣದ್ರಾಕ್ಷಿಯ ಸಿಹಿ. ಬಣ್ಣ ಹಾಕಿದವರು ಯಾರು?"

ಈರಾಚಾರಿ ಎರಡು ಹನಿ ಅಂಗೈಯಲ್ಲಿ ಉಜ್ಜಿ ಮೂಸಿದ. "ಮುಂಚೆ ಈ ಮನೇಲಿದ್ದವರು ಬುದ್ಧಿ. ಇದು ವಿಸ್ಕಿಗೆ ಅಂತ ಕಟ್ಟಿದ ಪೀಪಾಯಿ ಅಲ್ಲ. ಮೊದಲು ಇದರಲ್ಲಿ ಶೆರ್ರಿ ಅನ್ನೋ ದ್ರಾಕ್ಷಾರಸ ಇತ್ತು ಅಂತ ಅಪ್ಪ ಹೇಳ್ತಿದ್ದ. ಅದನ್ನ ಬಸಿದು ತೆಗೆದರೂ ಹಲಗೆ ಹೀರಿಕೊಂಡಿದ್ದು ಹಲಗೇಲೇ ಉಳೀತು. ಆಮೇಲೆ ಬಂದ ವಿಸ್ಕಿಗೆ ಅದನ್ನೇ ಕೊಡ್ತು."

ಮೂರನೆಯ ಪೀಪಾಯಿಯ ಹತ್ತಿರ ದೊರೆ ತಾನೇ ಎದ್ದು ಬಂದ. "ಇದನ್ನು ನನ್ನ ಪಟ್ಟಾಭಿಷೇಕದ ದಿನ ತೆರೆಯಬೇಕೆಂದಿದ್ದೆ, ಮನಸ್ಸಾಗಲಿಲ್ಲ. ಮಗನ ಮದುವೆಗೆಂದು ಇಟ್ಟೆ. ಮಗ ಯುದ್ಧದಲ್ಲಿ ಹೋದ. ಈಗ ತೆರೆದರೆ ಬಾಯಿಗಿಡಲಾಗದಷ್ಟು ಕಹಿ. ಕೆಡಿಸಿದವರು ಯಾರು?"

ಮೂಸುತ್ತಲೇ ಈರಾಚಾರಿಗೆ ಉತ್ತರ ತಿಳಿಯಿತು. ಸುಳ್ಳು ಹೇಳಿದರೆ ಒಗಟಿಗೆ ತಲೆ ಹೋಗುತ್ತದೆ, ನಿಜ ಹೇಳಿದರೆ ಉದ್ಧಟತನಕ್ಕೆ. ಅಪ್ಪನನ್ನು ನೆನೆದು ಬಾಯಿ ಬಿಟ್ಟ.

"ನೀವೇ ಬುದ್ಧಿ."

ಭಟರು ಒಂದು ಹೆಜ್ಜೆ ಮುಂದೆ ಬಂದರು.

"ಆ ಎರಡು ಹಳೇ ಮರದವು, ಇದು ಹೊಸ ಮರದ್ದು. ಹೊಸ ಮರ ಮೊದಲು ಸಿಹಿ ಕೊಡ್ತದೆ. ಅದು ತೀರಿದ ಮೇಲೂ ಬಿಟ್ಟರೆ ತನ್ನ ಒಗರು, ತನ್ನ ಕಹಿ ಕೊಡ್ತದೆ. ತೆರೆಯೋ ಹೊತ್ತಲ್ಲಿ ತೆರೆದಿದ್ರೆ ಅಮೃತ ಆಗಿರ್ತಿತ್ತು. ನೀವು ಕಾಯ್ತಾ ಕಾಯ್ತಾ ಕೆಡಿಸಿದ್ರಿ."

ದೊರೆ ಕೈ ಎತ್ತಿ ಭಟರನ್ನು ತಡೆದ. "ಮೂರೂ ಸರಿ. ಹೋದ ವರ್ಷ ಬಂದ ಹಡಗಿನ ಕಪ್ತಾನನೂ ಇದನ್ನೇ ಹೇಳಿದ. ಏನು ಬೇಕು ಕೇಳು."

"ನಮ್ಮಪ್ಪ ಬೇಕು. ಹೋದ ವರ್ಷವೇ ಗೊತ್ತಿದ್ದೂ ಯಾಕೆ ಬಿಡಲಿಲ್ಲ ಬುದ್ಧಿ?"

"ನಾನಾಗಿ ಬಿಟ್ಟರೆ ದೊರೆ ತಪ್ಪು ಮಾಡಿದ ಎಂದಾಗುತ್ತದೆ," ಎಂದ ಗಜರಾಯ, ಮಗುವಿಗೆ ಲೆಕ್ಕ ಹೇಳಿಕೊಡುವವನಂತೆ. "ಒಗಟು ಗೆದ್ದವನು ಕೇಳಿದ, ದೊರೆ ಕೊಟ್ಟ. ಹೀಗಾದರೆ ಚೆನ್ನ."

ಆ ಚೆಂದಕ್ಕಾಗಿ ಎರಡು ತಲೆ ಉರುಳಿದ್ದವು.

ಮೌನಾಚಾರಿಯನ್ನು ಕರೆತಂದರು. ದೀಪದ ಬೆಳಕಿಗೇ ಕಣ್ಣು ಕಿರಿದು ಮಾಡುತ್ತಿದ್ದ. ಮಗನ ಮುಖ ತಡವಿ ಗುರುತು ಹಿಡಿದ. ಈರಾಚಾರಿ ಅಳುತ್ತ ನಗುತ್ತ, "ಅಪ್ಪಾ, ಗಾಳಿ ಕುಡೀತು ಅಂದೆ, ಒಪ್ಪಿದರು!" ಎಂದ.

"ನನ್ನ ಹಿಡಿದ ದಿನಾನೇ ನಾನೂ ಅದನ್ನೇ ಹೇಳಿದ್ನಲ್ಲೋ ಮಗಾ. ಆಗ ಬೆನ್ನಿಗೆ ಬಾರುಕೋಲು ಬಿತ್ತು."

ದೊರೆಗೆ ಇದ್ದಕ್ಕಿದ್ದಂತೆ ಔದಾರ್ಯ ಬಂತು. ಶಾಲು ಹೊದಿಸಿ, ಮೊದಲ ಪೀಪಾಯಿಯಿಂದ ಒಂದು ಬಟ್ಟಲು ತುಂಬಿಸಿ ಮುದುಕನ ಕೈಗೆ ಕೊಡಿಸಿದ. ಮೌನಾಚಾರಿ ಅದನ್ನು ತಿರುಗಿಸಿ ನೋಡಿದ. ಹನ್ನೆರಡು ವರ್ಷ ಇದನ್ನೇ ಕುಡಿದವನು ಎನಿಸಿಕೊಂಡಿದ್ದ, ಇದರ ರುಚಿ ಮಾತ್ರ ಗೊತ್ತಿರಲಿಲ್ಲ. ಆಣೆ ಮುರಿದ ತಪ್ಪಿನ ಬೆಲೆಯನ್ನು ಮುರಿಯುವ ಮುಂಚೆಯೇ ತೆತ್ತಾಗಿತ್ತು. ಒಂದು ಗುಟುಕು ಬಾಯಲ್ಲಿ ಹಿಡಿದು, ನಿಧಾನವಾಗಿ ನುಂಗಿದ. ಹೊಗಳಿಕೆ ಕೇಳಲು ಸಭೆಯೆಲ್ಲ ಕಾದಿತ್ತು.

"ಇಷ್ಟಕ್ಕಾ?" ಎಂದು ಕೇಳಿದ ಮೌನಾಚಾರಿ.

ಬಟ್ಟಲನ್ನೂ ಶಾಲನ್ನೂ ಪೀಪಾಯಿಯ ಮೇಲಿಟ್ಟು, ಮಗನ ಭುಜ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಹೊಳೆಬಾಗಿಲಿನ ನೆಲಮಾಳಿಗೆಯಲ್ಲಿ ಆ ದಿನ ದೊರೆ ಕೇಳಿದ ಮೂರು ಒಗಟಿಗೂ ಉತ್ತರ ಸಿಕ್ಕಿತ್ತು. ಮುದುಕ ದೊರೆಯನ್ನು ಕೇಳಿದ ಒಂದೇ ಪ್ರಶ್ನೆ ಮಾತ್ರ ಆ ಬಟ್ಟಲಿನ ಜೊತೆ ಅಲ್ಲೇ ಉಳಿಯಿತು.