ಮೂಲೆಯ ತಟ್ಟೆ

ಪುಂಡ ಮಕ್ಕಳನ್ನು ತಿದ್ದಲು ಶಾಲೆಯಲ್ಲಿ ಶಿಸ್ತು ಸಪ್ತಾಹ ಶುರುವಾಯಿತು. ಹೆಡ್ಮೇಷ್ಟ್ರು ಪರಮಶಿವಯ್ಯನವರು ಬಿಸಿಯೂಟದ ಅಡುಗೆಯ ಪುಟ್ಟಲಿಂಗಮ್ಮನನ್ನು ಕರೆದು ಗುಡುಗಿದರು.

"ಆ ಚಂದ್ರಿ ದಿನಾ ಯಾರಿಗಾದರೂ ಹೊಡೀತಾಳೆ. ಅವಳಿಗೆ ಜಗಲಿ ಮೂಲೇಲಿ ಬೇರೆ ಬಡಿಸು. ಒಂಟಿಯಾಗಿ ಉಂಡರೆ ಬುದ್ಧಿ ಬರುತ್ತೆ. ತಪ್ಪಿದರೆ ನಿನ್ನ ಕೆಲಸ ಹೋಯ್ತು ಅಂದ್ಕೊ!"

ಒಂಟಿಯಾಗಿ ಉಂಡರೆ ಏನು ಬರುತ್ತದೆಂದು ಪುಟ್ಟಲಿಂಗಮ್ಮನಿಗೆ ಗೊತ್ತಿತ್ತು. ಆದರೂ "ಆಗಲಿ ಸಾ" ಎಂದಳು.

ಮಧ್ಯಾಹ್ನ ಚಂದ್ರಿ ಮೂಲೆಯಲ್ಲಿ ಕೂತಳು. ಅನ್ನವನ್ನು ಸುಮ್ಮನೆ ಬೆರಳಲ್ಲಿ ಕಲೆಸುತ್ತಿದ್ದಳು. ಪುಟ್ಟಲಿಂಗಮ್ಮ ಹೆಡ್ಮೇಷ್ಟ್ರ ತಟ್ಟೆಯನ್ನೂ ತಂದು ಅವಳ ಪಕ್ಕದಲ್ಲೇ ಇಟ್ಟಳು.

ಊಟ ಬರಲಿಲ್ಲವೆಂದು ಹೊರಬಂದ ಮೇಷ್ಟ್ರು ಕೂಗಾಡಿದರು. "ಏನಿದು?"

"ದಿನಾ ಬಾಗಿಲು ಹಾಕ್ಕೊಂಡು ಒಬ್ಬರೇ ಉಣ್ತೀರಲ್ಲ ಸಾ. ಮೇಷ್ಟ್ರು ಯಾರಿಗೆ ಹೊಡೆದ್ರು ಅಂತ ಮಕ್ಕಳು ಕೇಳ್ತಾವೆ. ನಾನೇನು ಹೇಳಲಿ?"

ಮಕ್ಕಳು ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು, ಆಮೇಲೆ ಸಣ್ಣದಾಯಿತು. ತಟ್ಟೆ ಎತ್ತಿಕೊಂಡು, "ಬಾರೇ" ಎಂದು ಚಂದ್ರಿಯನ್ನೂ ಕರೆದುಕೊಂಡು, ಮಕ್ಕಳ ಸಾಲಿನ ನಡುವೆ ಹೋಗಿ ಕೂತರು.

ಎಲ್ಲರಿಗೂ ಬಡಿಸಿದ ಮೇಲೆ ಪುಟ್ಟಲಿಂಗಮ್ಮ ಎಂದಿನಂತೆ ಅಡುಗೆಕೋಣೆಯ ಒಲೆ ಮಗ್ಗುಲಲ್ಲಿ ಒಬ್ಬಳೇ ಕೂತಳು. ಮನೆಯಲ್ಲೂ ಅವಳ ಊಟ ಹೀಗೇ. ಮೊದಲ ತುತ್ತು ಎತ್ತುವಷ್ಟರಲ್ಲಿ ಚಂದ್ರಿ ಬಾಗಿಲಲ್ಲಿ ಇಣುಕಿದಳು.

"ಅಜ್ಜೀ, ನೀನು ಯಾರಿಗೆ ಹೊಡೆದೆ?"