ತಿರುವಿಹಾಕದೆ ಬಿಟ್ಟದ್ದು

"ಗುರುಗಳೇ, ಪ್ರೀತಿಯಿಂದ ಕಾಯ್ದದ್ದೂ ಕೈತಪ್ಪಿ ಹೋಗುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವೀಳ್ಯದೆಲೆ ವ್ಯಾಪಾರಿಯಿದ್ದ. ತಮ್ಮನೊಡನೆ ಅಂಗಡಿ ನಡೆಸುತ್ತಿದ್ದ. ಎಲೆಯ ವ್ಯಾಪಾರವೆಂದರೆ ಹುಡುಗಾಟವಲ್ಲ. ದಿನಕ್ಕೆರಡು ಸಲ ಕಟ್ಟು ಬಿಚ್ಚಿ, ಅಡಿಯದನ್ನು ಮೇಲೆ ತಂದು ತಿರುವಿಹಾಕಬೇಕು. ಒಂದು ಹೊತ್ತು ತಪ್ಪಿದರೆ ಅಡಿಯ ಎಲೆ ಬೆವೆತು ಕೊಳೆಯುತ್ತದೆ. ಮೇಲಿನದು ಹಸಿರಾಗಿಯೇ ಕಾಣುತ್ತಿರುತ್ತದೆ. ತಮ್ಮ ಈ ಕೆಲಸದಲ್ಲಿ ಪಳಗಿದವನು.

ಒಂದು ದಿನ ಅಣ್ಣ ಅಟ್ಟದಿಂದ ಬಿದ್ದ. ತಲೆಯೊಡೆಯಿತು, ಪ್ರಜ್ಞೆ ಹೋಯಿತು. ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿದರು, ಆಹಾರಕ್ಕೆ ಮೂಗಿನಲ್ಲಿ ಕೊಳವೆಯಿಟ್ಟರು. ವೈದ್ಯರು ತಮ್ಮನನ್ನು ಕರೆದು, "ಇಂಥ ಪೆಟ್ಟು ಬಿದ್ದವನಿಗೆ ಕೆಮ್ಮುವುದೂ ಮರೆತುಹೋಗಿರುತ್ತದೆ. ಕಫ ಎದೆಯಲ್ಲೇ ನಿಲ್ಲುತ್ತದೆ. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಬೇಕು" ಎಂದರು.

ತಮ್ಮ ತಲೆಯಾಡಿಸಿದ. ಆದರೆ ಅವನ ಕಣ್ಣು ತಲೆಯ ಪಟ್ಟಿಯ ಮೇಲೆಯೇ ಇತ್ತು. ಅಣ್ಣನನ್ನು ಯಾರೂ ಅಲುಗಿಸದಂತೆ ಕಾವಲು ಕೂತ.

ಮಗ್ಗುಲು ಬದಲಿಸಲು ಆಸ್ಪತ್ರೆಯ ಆಯಾ ಬಂದಳು. "ಏನು ಸಾಹುಕಾರರೇ, ಅಣ್ಣನನ್ನು ಗಾಜಿನ ಬೀರುವಿನಲ್ಲಿ ಇಡುತ್ತೀರಾ? ಸರಿಯಿರಿ ಆಚೆ. ಆ ಎದೆಯ ಗೊರಗೊರ ಕೇಳಿಸುತ್ತಿಲ್ಲವೇ?"

"ಪೆಟ್ಟು ಬಿದ್ದಿರುವುದು ತಲೆಗೆ ಕಣಮ್ಮ, ಎದೆಗಲ್ಲ. ಅಲುಗಾಡಿ ಹೊಲಿಗೆ ಬಿಚ್ಚಿಕೊಂಡರೆ ನೀನು ಹಾಕುತ್ತೀಯಾ? ಮುಟ್ಟಬೇಡ."

ಆಯಾ ಗೊಣಗುತ್ತಾ ಹೋದಳು. ಮರುದಿನವೂ ಬಂದಳು, ಅದೇ ಮಾತು ಕೇಳಿ ಹೋದಳು. ಆಮೇಲೆ ಬರುವುದನ್ನೇ ಬಿಟ್ಟಳು.

ಒಂಬತ್ತನೆಯ ದಿನ ಹೊಲಿಗೆ ಬಿಚ್ಚಿದರು. ಗಾಯ ಚೆನ್ನಾಗಿ ಕೂಡಿತ್ತು. ತಮ್ಮ ವಾರ್ಡಿಗೆಲ್ಲ ಸಕ್ಕರೆ ಹಂಚಿದ. ಅಂದು ಸಂಜೆಯೇ ಜ್ವರ ಏರಿತು. ಉಸಿರು ಮೇಲುಮೇಲಕ್ಕೆ ಬಂತು. ಹನ್ನೊಂದನೆಯ ದಿನ ಅಣ್ಣ ಹೋದ.

"ತಲೆ ವಾಸಿಯಾಗಿತ್ತಲ್ಲ ಸ್ವಾಮಿ?" ಎಂದು ತಮ್ಮ ವೈದ್ಯರ ಕೈ ಹಿಡಿದುಕೊಂಡ.

"ವಾಸಿಯಾಗಿತ್ತು. ಶ್ವಾಸಕೋಶ ಅಡಿಯಿಂದ ಕೆಟ್ಟಿತ್ತು. ಮಗ್ಗುಲು ಬದಲಿಸಿದ್ದರೆ ಉಳಿಯುತ್ತಿದ್ದನೆಂದು ಪ್ರಮಾಣ ಮಾಡಲಾರೆ. ಬದಲಿಸಲಿಲ್ಲ ಎಂಬುದಂತೂ ನಿಜ."

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರುಬಿಟ್ಟ. "ಪಾಪ, ಆ ಸಂಕಟದಲ್ಲಿ ತನ್ನ ಕಸುಬನ್ನೇ ಮರೆತುಬಿಟ್ಟನಲ್ಲ."

"ಮರೆಯಲಿಲ್ಲಪ್ಪ, ದಿನಕ್ಕೆರಡು ಸಲ ಅಂಗಡಿಗೆ ಹೋಗಿಬರುತ್ತಿದ್ದ, ಆ ಹನ್ನೊಂದು ದಿನದಲ್ಲಿ ಒಂದೇ ಒಂದು ಎಲೆಯೂ ಕೊಳೆಯಲಿಲ್ಲ."